ಹೊಸ ಸೇರ್ಪಡೆ

ಜನವರಿ 19, ಭಾನುವಾರ

ಪೂಜೆ ಮುಗಿಸಿ ಲ್ಯಾಪ್‌ಟಾಪ್ ತೆರೆದೆ. ಕಪ್ಪು ಪರದೆ, ಬಿಳಿ ಅಕ್ಷರ. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದೆ. ನಿನ್ನೆ ಸಮಾಜದ ವೆಬ್‌ಸೈಟಿಗೆ ಹಾಕಿದ್ದ ಶಿವಾನುಭವ ಗೋಷ್ಠಿಯ ಸುದ್ದಿ ತಾನಾಗಿ ಫೇಸ್‌ಬುಕ್ ಪುಟಕ್ಕೂ ಟೆಲಿಗ್ರಾಂ ಚಾನೆಲ್‌ಗೂ ಹೋಗಿ ಕೂತಿತು. ಎಂಥ ಸುಖ. ಮೊದಲು ಇದೇ ಕೆಲಸಕ್ಕೆ ಕಾಪಿ ಮಾಡು, ಪೇಸ್ಟ್ ಮಾಡು, ಫೋಟೋ ಹುಡುಕು... ಅರ್ಧ ಭಾನುವಾರ ಹೋಗುತ್ತಿತ್ತು.

ವಿಶಾಲು ಕಾಫಿ ತಂದಿಟ್ಟು ಪರದೆ ನೋಡಿದಳು. ಬ್ಯಾಂಕ್ ಲೂಟಿ ಮಾಡೋರ ಥರ ಕಾಣುತ್ತೀರಿ ಎಂದಳು. ಸಹಕಾರಿ ಬ್ಯಾಂಕಿನ ಮ್ಯಾನೇಜರ್ ಹೆಂಡತಿ ಆಡುವ ಮಾತೇ ಇದು?

ಈ ಟೂಲ್ ಹಾಕಿಕೊಟ್ಟವಳು ಎದುರುಮನೆ ಶೈಲಜಮ್ಮನ ಮಗಳು ಶಿವಾನಿ. ಕಂಪ್ಯೂಟರ್ ಕಂಪನಿಯಲ್ಲಿದ್ದಾಳೆ. ಕೆಲವು ಶನಿವಾರ ಬಂದು ಕೂತು, ನನ್ನ ದಡ್ಡ ಪ್ರಶ್ನೆಗಳಿಗೆಲ್ಲ ಬೇಸರವಿಲ್ಲದೆ ಉತ್ತರ ಹೇಳಿ ಕಲಿಸಿದಳು. ವೆಬ್‌ಸೈಟಿಗೆ ಬಂದದ್ದರ ಪಟ್ಟಿಯನ್ನು, ಅದಕ್ಕೆ ಫೀಡ್ ಎನ್ನುತ್ತಾರೆ, ಟೂಲ್ ಓದುತ್ತದೆ. ಒಮ್ಮೆ ಕಳಿಸಿದ್ದನ್ನು ಒಂದು ಫೈಲಿನಲ್ಲಿ ಸಾಲು ಸಾಲಾಗಿ ಗುರುತು ಹಾಕಿಕೊಳ್ಳುತ್ತದೆ. ಟೂಲ್ ಬರುವ ಮುಂಚೆ ನಾನು ಕೈಯಲ್ಲಿ ಹಾಕಿದ್ದವನ್ನೂ ಶಿವಾನಿ ಅದರಲ್ಲೇ ಸೇರಿಸಿಟ್ಟಿದ್ದಾಳೆ. ಆ ಫೈಲಿನಲ್ಲಿ ಇಲ್ಲದ್ದು ಕಂಡರೆ ಹೊಸದು ಎಂದುಕೊಂಡು, ಮೇಲೆ 'ಹೊಸ ಸೇರ್ಪಡೆ' ಎಂದು ಬರೆದು, ಆ ದಿನದ ತಾರೀಖು ಹಾಕಿ ಕಳಿಸುತ್ತದೆ. ಇಷ್ಟೇ.

ಆ ಫೈಲಿನಲ್ಲಿ ಒಂದು ಸಾಲು ಹೋದರೂ ಟೂಲ್ ಅದನ್ನು ಮರೆತು ಇನ್ನೊಮ್ಮೆ ಹಾಕಿಬಿಡುತ್ತದೆ, ಮುಟ್ಟುವ ಮುಂಚೆ ನನಗೊಂದು ಮಾತು ಹೇಳಿ ಅಂಕಲ್ ಎಂದಿದ್ದಳು. ಇಷ್ಟನ್ನೂ ನನಗೆ ಹೇಳಬೇಕೇ ಎನಿಸಿತು. ಹೂಂ ಎಂದೆ.

ಜನವರಿ 26, ಭಾನುವಾರ

ಧ್ವಜ ಹಾರಿಸಿ, ಉಪ್ಪಿಟ್ಟು ತಿಂದು, ಸಮಾಜದ ಸಭೆ. ಅಧ್ಯಕ್ಷ ಶಿವರುದ್ರಪ್ಪನವರು ಚಿಕ್ಕಪೇಟೆಯ ರೇಷ್ಮೆ ಅಂಗಡಿಯವರು, ಮೈಕ್ ಸಿಕ್ಕರೆ ಬಿಡುವವರಲ್ಲ. ಇವತ್ತು ತಾವಾಗಿ ನನ್ನ ಕೈಗೆ ಕೊಟ್ಟರು. ಹೊಸ ವ್ಯವಸ್ಥೆ ವಿವರಿಸಿ ಎಂದರು.

ವಿವರಿಸಿದೆ. ಚೆನ್ನಾಗಿಯೇ ಮಾತಾಡಿದೆ ಅನಿಸುತ್ತದೆ. ವೆಬ್‌ಸೈಟಿಗೆ ಹೊಸದಾಗಿ ಬಂದದ್ದು ಮಾತ್ರ ಹೋಗುತ್ತದೆ, ಮಧ್ಯೆ ಮನುಷ್ಯರ ಕೈ ಸೋಕುವುದಿಲ್ಲ, ಆದ್ದರಿಂದ ತಪ್ಪಾಗುವ ಪ್ರಶ್ನೆಯೇ ಇಲ್ಲ ಎಂದೆ. ವಧು-ವರರ ವಿವರವೂ ಹೀಗೇ ತಕ್ಷಣ ತಲುಪುತ್ತದೆ ಎಂದಾಗ ಹೆಣ್ಣು ಹೆತ್ತವರು ತಲೆಯಾಡಿಸಿದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಶಿವಾನಿಯೂ ತಟ್ಟುತ್ತಿದ್ದಳು. ಅವಳ ಹೆಸರು ಹೇಳಬೇಕಿತ್ತು. ಹೇಳೋಣ ಅಂದುಕೊಳ್ಳುವಷ್ಟರಲ್ಲಿ ಮೈಕ್ ಹೋಯಿತು... ಹಾಗಲ್ಲ. ಮೈಕ್ ಕೈಯಲ್ಲೇ ಇತ್ತು.

ಇಳಿದು ಬರುವಾಗ ಶಿವರುದ್ರಪ್ಪನವರು ಹೆಗಲ ಮೇಲೆ ಕೈ ಹಾಕಿದರು. ಈ ಸಲದ ಚುನಾವಣೆಯಲ್ಲಿ ಕಾರ್ಯದರ್ಶಿ ನೀವೇ ಎಂದರು. ಮನೆಗೆ ಬಂದು ವಿಶಾಲುಗೆ ಹೇಳಿದೆ. ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋದಳು.

ಫೆಬ್ರವರಿ 2, ಭಾನುವಾರ

ಶಿವಾನಿಯ ನಿಶ್ಚಿತಾರ್ಥ. ಹುಡುಗ ಈಶ್ವರ್, ತ್ಯಾಗರಾಜನಗರದವರು. ನಮ್ಮ ಸಮಾಜದ ವಧು-ವರ ಪುಟ ನೋಡಿಯೇ ಬಂದ ಸಂಬಂಧ. ತಂದೆ ರೇವಣಸಿದ್ದಯ್ಯ, ಲೋಕೋಪಯೋಗಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮಾತು ಕಡಿಮೆ, ಮರ್ಯಾದೆ ಜಾಸ್ತಿ. ಕೂರುವ ಕುರ್ಚಿಯನ್ನೂ ಒಮ್ಮೆ ನೋಡಿ ಕೂರುತ್ತಾರೆ.

ಶಿವಾನಿಗೆ ತಂದೆಯಿಲ್ಲ. ಶೈಲಜಮ್ಮ ಬಂದು, ಅಣ್ಣ, ಆ ಜಾಗದಲ್ಲಿ ನೀವೇ ಕೂತುಕೊಳ್ಳಬೇಕು ಎಂದರು. ಕೂತೆ. ರೇವಣಸಿದ್ದಯ್ಯನವರ ಜೊತೆ ತಾಂಬೂಲ ಬದಲಾಯಿಸಿದೆ. ಕಣ್ಣಲ್ಲಿ ನೀರು ಬಂತು, ಹೋಮದ ಹೊಗೆ ಎನ್ನೋಣವೆಂದರೆ ಹೋಮವೇ ಇರಲಿಲ್ಲ. ಶಿವಾನಿ ಕಾಲಿಗೆ ನಮಸ್ಕಾರ ಮಾಡಿ ನಗುತ್ತಾ ಎದ್ದಳು. ಮೂವತ್ತೊಂದು ದಾಟಿದೆ ಹುಡುಗಿಗೆ. ಎರಡು ಕಡೆ ನೋಡಿ ಬಿಟ್ಟುಹೋಗಿದ್ದರು. ಶೈಲಜಮ್ಮ ಎಷ್ಟು ಸೋಮವಾರ ಉಪವಾಸ ಮಾಡಿದ್ದಾರೋ.

ಊಟದ ಹೊತ್ತಿಗೆ ಅವರನ್ನು ಕೇಳಿದೆ, ವೆಬ್‌ಸೈಟಿನಿಂದ ಮಗಳ ವಿವರ ತೆಗೆದುಬಿಡಲೇ ಎಂದು. ಬೇಡ ಎಂದರು. ತಾಳಿ ಬೀಳುವ ತನಕ ನಮ್ಮವರಲ್ಲಿ ಯಾರೂ ತೆಗೆಸುವುದಿಲ್ಲ, ಮುಂಚೆ ತೆಗೆಸಿದರೆ ಕಣ್ಣು ಬೀಳುತ್ತದೆ. ನಿಜ, ಪುಟದಲ್ಲಿ ಮಕ್ಕಳಾದವರ ಹೆಸರೂ ಇದೆ, ಅದು ಬೇರೆ ಮಾತು.

ಹೋಳಿಗೆ ಎರಡು ಹೆಚ್ಚಾಯಿತು.

ಫೆಬ್ರವರಿ 5, ಬುಧವಾರ

ಬ್ಯಾಂಕಿಗೆ ಶಿವರುದ್ರಪ್ಪನವರ ಫೋನ್. ಕಳೆದ ಶ್ರಾವಣದಲ್ಲಿ ಅವರಿಗಾದ ಸನ್ಮಾನದ ಫೋಟೋ ಇನ್ನೊಮ್ಮೆ ಪುಟಕ್ಕೆ ಬರಬೇಕಂತೆ. ಆಗ ಹಾಕಿದ್ದರಲ್ಲಿ ಪೇಟದ ಅರ್ಧ ಕತ್ತರಿಸಿಹೋಗಿತ್ತು. ಭಾನುವಾರ ಚುನಾವಣೆ, ಜನ ನೋಡಲಿ ಎಂದರು. ಕೈಯಲ್ಲಿ ಹಾಕಿಬಿಡಬಹುದಿತ್ತು. ಆದರೆ ಯಂತ್ರದಿಂದಲೇ ಹೋದ ಹಾಗೆ ಕಾಣಲಿ, ತಾವಾಗಿ ಹಾಕಿಸಿಕೊಂಡರು ಎನ್ನುವ ಮಾತು ಬೇಡ ಎಂದರು.

ಸಂಜೆ ಬಂದು ವೆಬ್‌ಸೈಟಿನಲ್ಲಿ ಫೋಟೋ ಬದಲಿಸಿದೆ. ಫೈಲ್ ತೆರೆದೆ. ಹೆಸರು ಗಿಸರು ಏನೂ ಇಲ್ಲ, ಬರೀ ತಾರೀಖು, ನಂಬರುಗಳು. ಶ್ರಾವಣದವು ಪಕ್ಕಪಕ್ಕದಲ್ಲಿ ಎರಡು ಸಾಲು. ಯಾವುದು ಸನ್ಮಾನದ್ದೋ ತಿಳಿಯಲಿಲ್ಲ. ಶಿವಾನಿಯನ್ನು ಕೇಳಬಹುದಿತ್ತು, ಎದುರುಮನೆ, ದೀಪ ಉರಿಯುತ್ತಿತ್ತು. ಮದುವೆ ಗೊತ್ತಾದ ಹುಡುಗಿಗೆ ಇದಕ್ಕೆಲ್ಲ ಯಾಕೆ ತೊಂದರೆ ಅಂದುಕೊಂಡೆ. ಇನ್ನೊಂದು ಕಾರಣವೂ ಇತ್ತು, ಅದನ್ನು ಬರೆಯುವುದಿಲ್ಲ.

ಎರಡರಲ್ಲಿ ಒಂದಂತೂ ಅದೇ, ಇನ್ನೊಂದು ಯಾವುದೋ ಹಳೇ ಸುದ್ದಿ, ಇನ್ನೊಮ್ಮೆ ಹೋದರೆ ಹೋಗಲಿ. ಎರಡನ್ನೂ ಅಳಿಸಿದೆ. ಟೂಲ್ ಓಡಿಸಿದೆ. ಸನ್ಮಾನ ಹೋಯಿತು — ಪೇಟ ಪೂರ್ತಿ ಬಂದಿತ್ತು. ಲ್ಯಾಪ್‌ಟಾಪ್ ಮುಚ್ಚಿ ಸಂಕಷ್ಟಿ ಅಲ್ಲದ ದಿನವೂ ದೊಡ್ಡ ಗಣಪತಿಗೆ ಒಂದು ಸುತ್ತು ಹಾಕಿಕೊಂಡು ಬಂದೆ. ಅಷ್ಟು ಖುಷಿ.

ಫೆಬ್ರವರಿ 6, ಗುರುವಾರ

ಎರಡನೆಯ ಸಾಲು ಶಿವಾನಿಯದು.

ಬೆಳಗ್ಗೆ ಪುಟ ತೆರೆದರೆ ಪೇಟದ ಕೆಳಗೆ ಅವಳ ಫೋಟೋ. 'ಹೊಸ ಸೇರ್ಪಡೆ. ಫೆಬ್ರವರಿ 5. ವಧು: ಶಿವಾನಿ. ಸೂಕ್ತ ವರ ಬೇಕಾಗಿದೆ.' ತಾಂಬೂಲ ಬದಲಾಯಿಸಿ ಮೂರು ದಿನ ಕಳೆದು, ಹುಡುಗಿಯ ಮನೆಯವರು ಇನ್ನೊಂದು ಗಂಡು ಹುಡುಕುತ್ತಿರುವ ಹಾಗೆ.

 ಅಳಿಸಿಬಿಟ್ಟೆ. ಅಷ್ಟರಲ್ಲಿ ಜನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್‌ನಲ್ಲಿ ಹಂಚಿಯಾಗಿತ್ತು. ರೇವಣಸಿದ್ದಯ್ಯನವರ ನಾದಿನಿಗೆ ದಾವಣಗೆರೆಯಲ್ಲಿ ಸಿಕ್ಕಿದೆ. ಅವರಿಂದ ತ್ಯಾಗರಾಜನಗರಕ್ಕೆ.

ಸ್ನಾನಕ್ಕೆ ಹೊರಟಿದ್ದಾಗ ಶಿವರುದ್ರಪ್ಪನವರ ಫೋನ್. ರೇವಣಸಿದ್ದಯ್ಯನವರು ಸಿಟ್ಟಾಗಿ ಅವರಿಗೆ ಫೋನ್ ಮಾಡಿದ್ದರಂತೆ.

"ಏನ್ರೀ ಪ್ರಭುದೇವ್, ಹೊಸದಾಗಿ ಯಾರಾದ್ರೂ ಸೇರಿಸಿದ್ರೆ ತಾನೇ ಅದು ಹೋಗೋದು? ನೀವೇ ಸಭೇಲಿ ಹೇಳಿದ್ರಲ್ಲ?"

ಹೇಳುವುದಕ್ಕೆ ಒಂದೇ ಮಾತಿತ್ತು. ನಾನು ಅಳಿಸಿದೆ ಸರ್. ನಿಮ್ಮ ಫೋಟೋಗಾಗಿ ಅಳಿಸಿದೆ, ಅದು ಅವಳದೂ ಆಗಿತ್ತು. ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಮೈಕು, ಚಪ್ಪಾಳೆ, ತಪ್ಪಾಗುವ ಪ್ರಶ್ನೆಯೇ ಇಲ್ಲ...

"ಹೌದು ಸರ್," ಎಂದೆ. "ನೋಡ್ತೀನಿ ಸರ್."

ಹಾಗಾದ್ರೆ ಹುಡುಗಿ ಕಡೆಯವರದೇ ಏನೋ ಇದೆ ಬಿಡಿ ಎಂದು ಫೋನ್ ಇಟ್ಟರು.

ಫೆಬ್ರವರಿ 7, ಶುಕ್ರವಾರ

ಶಿವಾನಿಯ ಫೋನ್ ಮೂರು ಸಲ ಬಂತು. ಬ್ಯಾಂಕಿನಲ್ಲಿ ಮೀಟಿಂಗ್ ಇತ್ತು. ಒಂದಕ್ಕೆ ಇತ್ತು. ಉಳಿದ ಎರಡಕ್ಕೆ ಇರಲಿಲ್ಲ.

ಬರುವಾಗ ಮುಂದಿನ ರಸ್ತೆ ಬಿಟ್ಟು ಹಿಂದಿನ ಗಲ್ಲಿಯಿಂದ ಬಂದೆ. ನಮ್ಮ ಮನೆಗೆ ಹಿಂಬಾಗಿಲಿದೆ ಎನ್ನುವುದೇ ಮರೆತುಹೋಗಿತ್ತು. ಬಚ್ಚಲುಮನೆ ಪಕ್ಕದಲ್ಲಿ ಪಾತ್ರೆ ತೊಳೆಯುತ್ತಿದ್ದ ವಿಶಾಲು ತಲೆಯೆತ್ತಿ ನೋಡಿದಳು, ಏನೂ ಕೇಳಲಿಲ್ಲ. ಅವಳು ಕೇಳದಿದ್ದರೆ ನನಗೆ ಹೆಚ್ಚು ಭಯ.

ಪೋಸ್ಟ್ ಅಳಿಸಿದ್ದು ಇನ್ನೂ ಕೆಟ್ಟದಾಯಿತು. ಸಿಕ್ಕಿಬಿದ್ದ ಮೇಲೆ ತೆಗೆಸಿದರು ಎಂದು ಸಮಾಜದ ವಾಟ್ಸಾಪ್ ಗ್ರೂಪಿನಲ್ಲಿ ಮಾತು. ಕೆಳಗೆ ಒಬ್ಬಳು ನಗುವ ಮುಖ ಹಾಕಿದ್ದಾಳೆ. ಇನ್ನೊಬ್ಬರು, ಹೆಚ್ಚು ಓದಿಸಿದರೆ ಹೀಗೇ ಎಂದು. ಓದುತ್ತಾ ಕೂತೆ. ಒಂದು ಸಾಲು ಬರೆದಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ಗ್ರೂಪಿಗೆ ಅಡ್ಮಿನ್ ನಾನೇ.

ಭಾನುವಾರ ಕಳೆಯಲಿ. ಚುನಾವಣೆ ಮುಗಿಯಲಿ. ಸೋಮವಾರ ಹೋಗಿ ಶಾಂತವಾಗಿ ಹೇಳಿದರಾಯಿತು.

ಫೆಬ್ರವರಿ 9, ಭಾನುವಾರ

ಕಾರ್ಯದರ್ಶಿ. ಅವಿರೋಧ ಆಯ್ಕೆ. ಹಾರ ಹಾಕಿದರು, ಸುಗಂಧರಾಜದ್ದು. ಶೈಲಜಮ್ಮ ಬಂದಿರಲಿಲ್ಲ.

ಫೆಬ್ರವರಿ 13, ಗುರುವಾರ

ಸೋಮವಾರ ಹೋಗಲಿಲ್ಲ. ಮಂಗಳವಾರ ಒಳ್ಳೆಯ ಕೆಲಸಕ್ಕೆ ಬೇಡ ಅಂದುಕೊಂಡೆ. ಬುಧವಾರಕ್ಕೆ ನೆಪವೂ ಸಿಗಲಿಲ್ಲ, ಹಾಗೇ ಹೋಗಲಿಲ್ಲ.

ಇವತ್ತು ರೇವಣಸಿದ್ದಯ್ಯನವರ ಮನೆಯಿಂದ ಯಾರೋ ಇಬ್ಬರು ಬಂದು ತಾಂಬೂಲದ ತಟ್ಟೆ ವಾಪಸ್ ಕೊಟ್ಟುಹೋದರು. ನಿಶ್ಚಿತಾರ್ಥದ ದಿನ ನಾನು ಎರಡು ಕೈಯಲ್ಲಿ ಹಿಡಿದು ಕೊಟ್ಟಿದ್ದೆನಲ್ಲ, ಅದೇ ತಟ್ಟೆ. ಕಿಟಕಿಯಿಂದ ನೋಡಿದೆ. ಪರದೆಯ ಹಿಂದೆ ನಿಂತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ, ಅವರು ಈ ಕಡೆ ತಿರುಗಿದಾಗ ಹಿಂದೆ ಸರಿದೆ. ಶೈಲಜಮ್ಮ ಬಾಗಿಲಲ್ಲೇ ತಟ್ಟೆ ಇಸಿದುಕೊಂಡರು. ಬಂದವರಿಗೆ ನೀರು ಬೇಕಾ ಎಂದು ಕೇಳಿದ್ದು ಇಲ್ಲಿಗೂ ಕೇಳಿಸಿತು.

ನಾಚಿಕೆ ಎಂದರೆ ಮುಖ ಬಿಸಿಯಾಗುವುದು ಅಂದುಕೊಂಡಿದ್ದೆ. ಹಾಗಿಲ್ಲ. ಊಟದ ತಟ್ಟೆ ಮುಂದೆ ಕೂತು ಹಾಗೇ ಎದ್ದುಬಿಡುವುದು, ಅಷ್ಟೇ.

ಫೆಬ್ರವರಿ 14, ಶುಕ್ರವಾರ

ವಿಶಾಲುಗೆ ಹೇಳಿದೆ. ಪೂರ್ತಿ. ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

ಆ ಇನ್ನೊಂದು ಕಾರಣ ಏನು ಎಂದು ಕೇಳಿದಳು, ಎದುರುಮನೆಗೆ ಹೋಗಿ ಕೇಳದೆ ಇದ್ದುದಕ್ಕೆ. ಹೇಳಿದೆ. ನನಗೆ ಗೊತ್ತಿಲ್ಲ ಎಂದು ಶಿವಾನಿಗೆ ಗೊತ್ತಾಗುವುದು ಬೇಡವಿತ್ತು. ಇಷ್ಟೇ ಕಾರಣ. ಐವತ್ತಾರು ವರ್ಷದ ಮನುಷ್ಯ.

"ಅಪ್ಪನ ಜಾಗದಲ್ಲಿ ಕೂತಿದ್ರಲ್ಲ," ಎಂದಳು. "ಅಪ್ಪ ಆಗಿದ್ರೆ ಇಷ್ಟು ದಿನ ಸುಮ್ನೆ ಇರ್ತಿದ್ರಾ?"

ಹುರುಳಿಕಾಯಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಫೆಬ್ರವರಿ 16, ಭಾನುವಾರ, ಮಧ್ಯಾಹ್ನ

ಹೋದೆ. ರೇವಣಸಿದ್ದಯ್ಯನವರ ಮನೆಗೆ. ಬೆಳಗ್ಗೆ ಮೊದಲು ಶಿವರುದ್ರಪ್ಪನವರಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ.  ನನ್ನ ಫೋಟೋ ವಿಷಯ ಮಾತ್ರ ಅಲ್ಲಿ ತೆಗೆಯಬೇಡಿ ಎಂದರು. ಜೊತೆಗೆ ಬನ್ನಿ ಎಂದೆ. ಅಂಗಡಿಯಲ್ಲಿ ಮದುವೆ ಸೀರೆಯವರು ಕೂತಿದ್ದಾರೆ ಎಂದರು. ಒಬ್ಬನೇ ಆಟೋ ಹಿಡಿದೆ.

ರೇವಣಸಿದ್ದಯ್ಯನವರು ಬಾಗಿಲು ತೆಗೆದು, ನನ್ನನ್ನೊಮ್ಮೆ ನೋಡಿ, ಒಳಗೆ ಬನ್ನಿ ಎಂದರು. ಒಳಗೆ ಕೂತು ಎಲ್ಲ ಹೇಳಿದೆ. ಫೈಲು, ಎರಡು ಸಾಲು, ಫೋಟೋ. ಹೌದು, ಫೋಟೋ ವಿಷಯವನ್ನೂ. ಶೈಲಜಮ್ಮ ಏನೂ ಸೇರಿಸಲಿಲ್ಲ, ಹುಡುಗಿಗೆ ಏನೂ ಗೊತ್ತಿರಲಿಲ್ಲ, ಎಲ್ಲ ನನ್ನ ಕೈಯಿಂದ ಆದದ್ದು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂದು ಉತ್ತರ ಹುಡುಕುತ್ತಿದ್ದೆ. ಕೇಳಲಿಲ್ಲ. ಸಮಾಜದ ಕಾರ್ಯದರ್ಶಿಯೇ ಬಂದು ಹೇಳಿದ ಮೇಲೆ ನಮ್ಮದೇನೂ ಇಲ್ಲ, ಮಾತು ಮುಂದುವರಿಸೋಣ, ತಟ್ಟೆ ಮತ್ತೆ ಬದಲಾಯಿಸಿಕೊಂಡರಾಯಿತು ಎಂದರು. ಅಷ್ಟು ಸುಲಭವಿತ್ತು. ಹೋದ ವಾರವೂ ಅಷ್ಟೇ ಸುಲಭವಿತ್ತು.

ಈಶ್ವರ್ ಮೂಲೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಗೇಟಿನ ತನಕ ಬಂದ.

"ಶಿವಾನಿ ಅವರು ಇದನ್ನೇ ಹೇಳಿದ್ರು ಸರ್," ಎಂದ. "ಆವತ್ತೇ ಹೇಳಿದ್ರು. ಸಮಾಜದವರು ಹಾಗೆ ಹೇಳ್ತಿಲ್ವಲ್ಲ ಅಂದ್ಬಿಟ್ಟೆ."

ಆಟೋದಲ್ಲಿ ಬರುತ್ತಾ ಆ ಮಾತು ಕಿವಿಯಲ್ಲೇ ಇತ್ತು. ಆದರೂ ಎದೆ ಹಗುರವಾಗಿತ್ತು, ಸುಳ್ಳು ಯಾಕೆ ಹೇಳಲಿ. ಗಾಂಧಿ ಬಜಾರಿನಲ್ಲಿ ನಿಲ್ಲಿಸಿ ಒಂದು ಮೊಳ ಮಲ್ಲಿಗೆ, ಬಾಳೆಹಣ್ಣು ತೆಗೆದುಕೊಂಡೆ. ಶುಭ ಸುದ್ದಿ ಹೇಳಲು ಬರಿಗೈಯಲ್ಲಿ ಹೋಗಬಾರದು. ಊಟ ಮುಗಿಸಿ ಎದುರುಮನೆಗೆ ಹೋಗುತ್ತೇನೆ.

ಅದೇ ದಿನ, ಸಂಜೆ

ಶೈಲಜಮ್ಮ ಬನ್ನಿ ಎಂದರು. ಅಣ್ಣ ಎನ್ನಲಿಲ್ಲ. ಹೂವು ಇಸಿದುಕೊಂಡು ದೇವರ ಮುಂದೆ ಇಟ್ಟರು, ತಲೆಗೆ ಮುಡಿಯಲು ಮಗಳಿಗೆ ಕೊಡಲಿಲ್ಲ. ಹೇಳಬೇಕಾದ್ದನ್ನೆಲ್ಲ ಹೇಳಿದೆ. ಕೊನೆಯಲ್ಲಿ, ಅವರು ಒಪ್ಪಿದ್ದಾರೆ, ಎಲ್ಲ ಸರಿಹೋಯಿತು ಎಂದೆ.

ಶಿವಾನಿ ಎದುರು ಕುರ್ಚಿಯಲ್ಲಿ ಕೂತು ಕೇಳಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ದಡ್ಡ ಪ್ರಶ್ನೆ ಕೇಳಿದಾಗ ಹೇಗೆ ಕೂರುತ್ತಿದ್ದಳೋ ಹಾಗೆ.

"ನಂಗೆ ಗುರುವಾರ ಬೆಳಗ್ಗೆನೇ ಗೊತ್ತಾಯ್ತು ಅಂಕಲ್. ಎರಡೇ ಹೋಗಿತ್ತಲ್ಲ, ಎರಡೂ ಶ್ರಾವಣದ್ದು. ನೀವು ಸಾಲು ತೆಗೆದಿದೀರ ಅಂತ."

ಮತ್ತೆ ಯಾಕೆ ನೀನೇ ಎಲ್ಲರಿಗೂ ಹೇಳಲಿಲ್ಲ ಎಂದೆ. ಕೇಳಬಾರದಿತ್ತು.

"ಹೇಳ್ದೆ. ಹುಡುಗಿ ತನ್ನ ತಪ್ಪು ಮುಚ್ಕೊಳೋಕೆ ಹೇಳ್ತಾಳೆ ಅಂದ್ರು. ನೀವು ಹೇಳಿದ್ರೆ ನಂಬ್ತಿದ್ರು. ಅದಕ್ಕೇ ಫೋನ್ ಮಾಡ್ತಿದ್ದೆ."

ಗೋಡೆ ಗಡಿಯಾರದ ಕಡೆ ನೋಡಿದೆ. ಎಷ್ಟಾಗಿತ್ತೋ ತಿಳಿಯಲಿಲ್ಲ. ಈಗ ಎಲ್ಲ ಸರಿಹೋಯಿತಲ್ಲಮ್ಮ ಎಂದೆ, ಇನ್ನೊಂದು ಸಲ. ಈಶ್ವರ್ ಮಧ್ಯಾಹ್ನವೇ ಅವಳಿಗೆ ಫೋನ್ ಮಾಡಿದ್ದನಂತೆ. ಅವಳು ಬೇಡ ಎಂದಿದ್ದಾಳೆ. ಬೇರೆಯವರು ಬಂದು ಸಾಕ್ಷಿ ಹೇಳಿದ ಮೇಲೆ ನನ್ನನ್ನು ನಂಬುವ ಮನೆಗೆ ಹೋಗಿ ದಿನಾ ಯಾರನ್ನು ಸಾಕ್ಷಿಗೆ ಕರೆಯಲಿ ಎಂದಳು. ಶೈಲಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದರು.

ಏನಾದರೂ ಮಾಡಬೇಕು ಎನಿಸಿತು. ಕೈಲಾಗುವುದು ಒಂದೇ ಕಂಡಿತು. ನಿನ್ನ ವಿವರ ಇವತ್ತೇ ವೆಬ್‌ಸೈಟಿನಿಂದ ತೆಗೆದುಬಿಡುತ್ತೇನೆ, ಇನ್ನು ಯಾವತ್ತೂ ಹೀಗಾಗುವುದಿಲ್ಲ ಎಂದೆ.

"ಯಾಕೆ ತೆಗೀತೀರ ಅಂಕಲ್?" ಎಂದಳು. "ಇರ್ಲಿ ಬಿಡಿ. ಈಗ ಬೇಕಲ್ಲ."

ಚಪ್ಪಲಿ ಹಾಕಿಕೊಳ್ಳುವಾಗ ಬಾಗಿಲ ತನಕ ಬಂದಳು. ನಾಲ್ಕು ಗೋಡೆ ಮಧ್ಯೆ ಹೇಳಿದ್ದು ಸಾಕಾಗುವುದಿಲ್ಲ, ಎಲ್ಲಿ ಹೋಯಿತೋ ಅಲ್ಲೇ ಹೇಳಿ ಎಂದಳು. ಅಮ್ಮ ತರಕಾರಿಗೆ ಹೋಗುವುದನ್ನೂ ಬಿಟ್ಟಿದ್ದಾರೆ, ಅದಕ್ಕೆ ಎಂದಳು. ಆಗಲಿ ಎಂದೆ. ಆಗಲಿ ಎಂದು ಹೇಳುವಾಗಲೇ ಒಳಗೊಬ್ಬ, ಹೇಗೆ ಬರೆದರೆ ಹೆಸರು ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದ. ಥೂ.

ಫೆಬ್ರವರಿ 17, ಸೋಮವಾರ

ಬ್ಯಾಂಕಿಗೆ ರಜೆ ಹಾಕಿದೆ. ಮೇಜಿನ ಮುಂದೆ ಕೂತಿದ್ದೇನೆ. ಟೂಲ್ ಬೇಡ, ಇದನ್ನು ಕೈಯಾರೆ ಹಾಕುತ್ತೇನೆ.

ಶಿವರುದ್ರಪ್ಪನವರ ಫೋನ್ ಬಂದಿತ್ತು. ಸಮಾಜದ ಮರ್ಯಾದೆ ಪ್ರಶ್ನೆ, ಕಾರ್ಯದರ್ಶಿಯಾಗಿ ಈಗಷ್ಟೇ ವಾರ ಕಳೆದಿದೆ, ತಾಂತ್ರಿಕ ದೋಷ ಎಂದು ಒಂದು ಸಾಲು ಹಾಕಿ ಮುಗಿಸಿ ಎಂದರು. ಬರೆದೂ ನೋಡಿದೆ. ತಾಂತ್ರಿಕ ದೋಷದಿಂದ ಗೊಂದಲ ಉಂಟಾಗಿದ್ದಕ್ಕೆ ವಿಷಾದಿಸುತ್ತೇವೆ. ಎಷ್ಟು ಚೆಂದ ಬಂತು! ಬ್ಯಾಂಕಿನಲ್ಲಿ ಇಂಥವನ್ನು ನೂರು ಬರೆದಿದ್ದೇನೆ. ವಿಶಾಲುಗೆ ಓದಿ ಹೇಳಿದೆ. ಕೇಳಿಸಿಕೊಂಡು, ಶೈಲಜಮ್ಮನಿಗೆ ಸಾರು ಕೊಟ್ಟು ಬರುತ್ತೇನೆ ಎಂದು ಹೊರಟಳು. ಅಳಿಸಿದೆ.

ಅವರಿಬ್ಬರೂ ಎದುರು ಜಗಲಿಯಲ್ಲಿ ನಿಂತಿರುವುದು ಇಲ್ಲಿಂದ ಕಾಣುತ್ತಿದೆ. ಪರದೆ ಸರಿಸಿದ್ದೇನೆ. ಅವರಿಗೂ ನಾನು ಕಾಣುತ್ತಿರಬೇಕು.

ಮೊದಲು ಇಲ್ಲೇ ಬರೆದು ನೋಡುತ್ತೇನೆ, ಆಮೇಲೆ ಅಲ್ಲಿಗೆ.

ಫೆಬ್ರವರಿ ಐದರಂದು ಈ ಪುಟದಲ್ಲಿ ಶಿವಾನಿಯ ವಿವರ ಇನ್ನೊಮ್ಮೆ ಬಂದಿತ್ತು. ಅದನ್ನು ಹಾಕಿದ್ದು ಅವಳಲ್ಲ, ಅವಳ ತಾಯಿಯಲ್ಲ, ಯಂತ್ರವೂ ಅಲ್ಲ. ಹಾಕಿದವನು ನಾನು, ಪ್ರಭುದೇವ್.